ನೌಕರಿ ಬಿಟ್ಟು ಓದೋದಾ, ಇಟ್ಟುಕೊಂಡು ಓದೋದಾ? ಸರ್ಕಾರಿ ಕೆಲಸಕ್ಕೆ ಹೊರಟವರಿಗೆ ಒಂದು ಹೋಲಿಕೆ

ಏಳು ವರ್ಷ ನಾನು ಹೆಣ್ಣುಮಕ್ಕಳ ಸಂಘಗಳಿಗೆ ಸಣ್ಣ ಸಾಲ ಕೊಡುವ ಹುಬ್ಬಳ್ಳಿಯ ಒಂದು ಕಂಪನಿಯಲ್ಲಿ ದುಡಿದೆ. ಬೆಳಿಗ್ಗೆ ಏಳಕ್ಕೆ ಕುಂದಗೋಳ ಕಡೆಯ ಯಾವುದೋ ಹಳ್ಳಿಯ ಗುಡಿ ಕಟ್ಟೆ ಮೇಲೆ ಸಂಘದ ಮೀಟಿಂಗ್. ಹತ್ತು ಹೆಣ್ಣುಮಕ್ಕಳು ಬಂದು ಕೂತಿರುತ್ತಿದ್ದರು, ಒಬ್ಬರು ಬಂದಿರುತ್ತಿರಲಿಲ್ಲ. ಆ ಒಬ್ಬರ ಕಂತು ಬರುವವರೆಗೆ ನಾನು ಅಲ್ಲಿಂದ ಏಳುವ ಹಾಗಿರಲಿಲ್ಲ. ಒಂದು ದಿನ ಹೀಗೇ ಬಾರದವರ ಮನೆಗೆ ಹೋದೆ. ಅಂಗಳದಲ್ಲಿ ಶೇಂಗಾ ಬಿಡಿಸುತ್ತಿದ್ದ ಅಜ್ಜಿ ಸೆರಗಿನ ಗಂಟು ಬಿಚ್ಚಿ, ಮಡಚಿ ಮಡಚಿ ಮೆತ್ತಗಾಗಿದ್ದ ಇನ್ನೂರು ರೂಪಾಯಿ ತೆಗೆದು ಕೊಟ್ಟರು. "ಸೊಸಿ ಕೂಲಿಗೆ ಹೋಗ್ಯಾಳಪಾ. ಇಷ್ಟ ಐತಿ ಇವತ್ತ" ಅಂದರು. ರಸೀದಿ ಬರೆಯುವಾಗ ನನ್ನ ಕೈ ನಡುಗಿತು. ಅದೇ ರಾತ್ರಿ ಎಂಟೂವರೆಗೆ ಮೇಲಿನವರ ಫೋನ್: "ಬಾಕಿ ಎಷ್ಟು ಉಳೀತು?" ತಾಟಿನ ಮುಂದೆ ಕೂತೇ ಉತ್ತರ ಕೊಟ್ಟೆ. ಅವತ್ತು ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ.

ಈಗ ಹಾವೇರಿ ಜಿಲ್ಲೆಯಲ್ಲಿ ಗ್ರಾಮ ಆಡಳಿತ ಅಧಿಕಾರಿ ಆಗಿದ್ದೇನೆ. ಊರವರು ಇನ್ನೂ ತಲಾಟಿ ಅಂತಲೇ ಕರೆಯುತ್ತಾರೆ. ಹಳೆಯ ಗೆಳೆಯರು ಫೋನ್ ಮಾಡಿ ಕೇಳುವುದು ಒಂದೇ ಮಾತು: "ಪ್ರೈವೇಟ್ ಚಲೋನೋ, ಗವರ್ನಮೆಂಟ್ ಚಲೋನೋ?" ನನಗೆ ಅನಿಸುವುದು, ಆ ಪ್ರಶ್ನೆಗೆ ಉತ್ತರ ಹುಡುಕುವ ಅಗತ್ಯವೇ ಇಲ್ಲ. ಯಾಕೆಂದರೆ ಸರ್ಕಾರಿ ಕೆಲಸ ಇನ್ನೂ ನಿಮ್ಮ ಕೈಯಲ್ಲಿಲ್ಲ. ಇವತ್ತು ನಿಮ್ಮ ಮುಂದಿರುವುದು ಒಂದು ಕಡೆ ಈಗಿನ ನೌಕರಿ, ಇನ್ನೊಂದು ಕಡೆ ಎರಡೋ ಮೂರೋ ವರ್ಷದ ಕಾಯುವಿಕೆ. ಹೋಲಿಸಬೇಕಾದ್ದು ಆ ಕಾಯುವಿಕೆಯ ಮೂರು ದಾರಿಗಳನ್ನು: ಕೆಲಸ ಬಿಟ್ಟು ಓದುವುದು, ಹಗುರ ಕೆಲಸ ಹಿಡಿದು ಓದುವುದು, ಈಗಿನ ಕೆಲಸದಲ್ಲೇ ಇದ್ದು ಓದುವುದು.

ಬಿಟ್ಟು ಓದುವುದು

ಮೂರು ದಾರಿಗಳಲ್ಲಿ ಎರಡನ್ನು ನಾನೇ ನಡೆದು ನೋಡಿದ್ದೇನೆ. ಮೊದಲನೆಯದು, ರಾಜೀನಾಮೆ ಕೊಟ್ಟು ಧಾರವಾಡಕ್ಕೆ ಬಂದು ಕೂರುವುದು.

2022ರಲ್ಲಿ ನಾನು ಮಾಡಿದ್ದು ಅದನ್ನೇ. ಸಪ್ತಾಪುರದಲ್ಲಿ ಒಂದು ರೂಮು, ಇಬ್ಬರು. ಸಪ್ತಾಪುರ ಗೊತ್ತಿಲ್ಲದವರಿಗೆ ಹೇಳಬೇಕೆಂದರೆ, ಅಲ್ಲಿ ಪ್ರತಿ ಓಣಿಯಲ್ಲೂ ಕೋಚಿಂಗ್ ಸೆಂಟರ್, ರೀಡಿಂಗ್ ರೂಮು, ಜೆರಾಕ್ಸ್ ಅಂಗಡಿ, ಖಾನಾವಳಿ. ಬೆಳಿಗ್ಗೆ ಆರಕ್ಕೆ ಹೋದರೂ ರೀಡಿಂಗ್ ರೂಮಿನ ಅರ್ಧ ಕುರ್ಚಿ ತುಂಬಿರುತ್ತವೆ. ಕುರ್ಚಿ ಮೇಲೆ ಮನೆಯಿಂದ ತಂದ ದಿಂಬು, ಗೋಡೆಗೆ ಅಂಟಿಸಿದ ಚೀಟಿ, ಚೀಟಿಯಲ್ಲಿ ಪರೀಕ್ಷೆಯ ದಿನಾಂಕ. ಅವ್ವ ವಾರಕ್ಕೊಮ್ಮೆ ಬಸ್ಸಿನಲ್ಲಿ ಬುತ್ತಿ ಕಳಿಸುತ್ತಿದ್ದಳು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ. ಕಂಡಕ್ಟರ್ ಕೈಯಿಂದ ಆ ಗಂಟು ಇಸಿದುಕೊಳ್ಳುವಾಗ ಅಕ್ಕಪಕ್ಕ ನನ್ನ ಹಾಗೇ ನಾಲ್ಕೈದು ಜನ ನಿಂತಿರುತ್ತಿದ್ದರು. ಮೂವತ್ತು ದಾಟಿದವರೂ ಇದ್ದರು. ಮನೆಯಲ್ಲಿ ಮಗುವನ್ನು ಬಿಟ್ಟು ಬಂದವರೂ ಇದ್ದರು.

ಈ ದಾರಿಯಲ್ಲಿ ಸಿಗುವುದು ಪೂರ್ತಿ ಸಮಯ. ದಿನಕ್ಕೆ ಹತ್ತು ತಾಸು ಓದಬಹುದು. ಸುತ್ತಲೂ ಓದುವವರೇ ಇರುವುದರಿಂದ ಶಿಸ್ತು ತಾನಾಗಿ ಬರುತ್ತದೆ. ಸಿಗದೇ ಇರುವುದು ಪರೀಕ್ಷೆ ಯಾವಾಗ ಅನ್ನುವ ಖಾತ್ರಿ. ನನ್ನ ರೂಮ್‌ಮೇಟ್ ಪಿಎಸ್‌ಐ (ಪೊಲೀಸ್ ಸಬ್ ಇನ್‌ಸ್ಪೆಕ್ಟರ್) ಪರೀಕ್ಷೆ ಬರೆದಿದ್ದ. 545 ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ನಡೆದ ಪರೀಕ್ಷೆ ಅದು. ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿ 23ಕ್ಕೆ. ತಪ್ಪು ಮಾಡದ ಸಾವಿರಾರು ಹುಡುಗರು ಎರಡು ವರ್ಷ ಅದೇ ಪುಸ್ತಕಗಳನ್ನು ತಿರುವಿ ಹಾಕಿದರು. ಕೆಎಎಸ್ (ರಾಜ್ಯ ಆಡಳಿತ ಸೇವೆ) ಕಥೆಯೂ ಹಾಗೇ ಆಯಿತು. 384 ಹುದ್ದೆಗಳ ಪೂರ್ವಭಾವಿ ಪರೀಕ್ಷೆ 2024ರ ಆಗಸ್ಟ್‌ನಲ್ಲಿ ನಡೆಯಿತು. ಕನ್ನಡ ಪ್ರಶ್ನೆಗಳ ಅನುವಾದದಲ್ಲೇ ತಪ್ಪುಗಳಿದ್ದವು, ಡಿಸೆಂಬರ್‌ನಲ್ಲಿ ಮತ್ತೆ ಬರೆಸಿದರು. ಅದೇ ವರ್ಷದ ಅಕ್ಟೋಬರ್ ಕೊನೆಗೆ, ಒಳಮೀಸಲಾತಿ (ಪರಿಶಿಷ್ಟ ಜಾತಿಗಳ ಮೀಸಲಾತಿಯ ಒಳಹಂಚಿಕೆ) ತೀರ್ಮಾನ ಆಗುವವರೆಗೆ ಹೊಸ ನೇಮಕಾತಿ ಅಧಿಸೂಚನೆ ಬೇಡ ಅಂತ ರಾಜ್ಯ ಸರ್ಕಾರ ನಿರ್ಧರಿಸಿತು. ಒಳಮೀಸಲಾತಿ ನ್ಯಾಯದ ಬೇಡಿಕೆ, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಆಗಷ್ಟೇ ರಾಜೀನಾಮೆ ಕೊಟ್ಟು ಬಂದವನ ಪಾಡು ಏನಾಗಿರಬೇಕು ಯೋಚನೆ ಮಾಡಿ.

ನಾನು ಎಂಟು ತಿಂಗಳು ಕೂತೆ. ಉಳಿತಾಯ ಮುಗಿಯಿತು. ಕೊನೆಯ ಎರಡು ತಿಂಗಳು ನಾನು ಓದಿದ್ದೇ ಇಲ್ಲ ಅನ್ನಬೇಕು. ಪುಸ್ತಕ ತೆರೆದರೆ ಕಾಣುತ್ತಿದ್ದದ್ದು ಬಾಡಿಗೆಯ ಲೆಕ್ಕ. ಸಾಲದ ಕಂಪನಿಯ ಒತ್ತಡ ತಾಳದೆ ಬಂದವನಿಗೆ ಅದಕ್ಕಿಂತ ಜಾಸ್ತಿ ಒತ್ತಡ ಇಲ್ಲಿ ಸಿಕ್ಕಿತು.

ಹಗುರ ಕೆಲಸ ಹಿಡಿದು ಓದುವುದು

ಈ ದಾರಿಯ ಬಗ್ಗೆ ಯಾರೂ ಹೇಳುವುದಿಲ್ಲ. ನನ್ನನ್ನು ದಡ ಸೇರಿಸಿದ್ದು ಇದೇ. ಹುಬ್ಬಳ್ಳಿಯ ಜವಳಿ ಸಾಲ ಅನ್ನುವ ಪೇಟೆಯ ಒಂದು ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದೆ. ಮೊದಲಿನ ಪಗಾರದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಆದರೆ ಟಾರ್ಗೆಟ್ ಇಲ್ಲ, ರಾತ್ರಿ ಫೋನ್ ಇಲ್ಲ. ರೂಮು ಧಾರವಾಡದಲ್ಲೇ ಇಟ್ಟುಕೊಂಡೆ. ಬೆಳಿಗ್ಗೆ ಐದರಿಂದ ಎಂಟೂವರೆ ಓದು. ಆಮೇಲೆ ಜುಬಿಲಿ ಸರ್ಕಲ್‌ನಲ್ಲಿ ಚಿಗರಿ ಬಸ್ ಹತ್ತಿದರೆ ಹುಬ್ಬಳ್ಳಿವರೆಗೆ ಕೂತು ಓದಲು ಅರ್ಧ ತಾಸಿನ ಮೇಲೆ ಸಿಗುತ್ತಿತ್ತು. ಸಂವಿಧಾನದ ವಿಧಿಗಳನ್ನು ನಾನು ಬಾಯಿಪಾಠ ಮಾಡಿದ್ದು ಪೂರ್ತಿ ಆ ಬಸ್ಸಿನಲ್ಲಿ. ರಾತ್ರಿ ಮತ್ತೆ ಎರಡು ತಾಸು.

ದಿನಕ್ಕೆ ಐದಾರು ತಾಸು ಸಾಕಾ ಅಂತ ಕೇಳಬಹುದು. ಎಸ್‌ಡಿಎ, ಎಫ್‌ಡಿಎ (ದ್ವಿತೀಯ, ಪ್ರಥಮ ದರ್ಜೆ ಸಹಾಯಕ), ಗ್ರಾಮ ಆಡಳಿತ ಅಧಿಕಾರಿಯಂಥ ಪರೀಕ್ಷೆಗಳಿಗೆ ಸಾಕು ಅಂತ ನಾನು ಧೈರ್ಯವಾಗಿ ಹೇಳುತ್ತೇನೆ. ಕೆಎಎಸ್ ಮುಖ್ಯ ಪರೀಕ್ಷೆಗೆ ಸಾಲದು. ಅಲ್ಲಿ ಪುಟಗಟ್ಟಲೆ ಉತ್ತರ ಬರೆದು ರೂಢಿ ಆಗಬೇಕು, ಅದಕ್ಕೆ ದಿನಪೂರ್ತಿ ಬೇಕು.

ಈಗಿನ ಕೆಲಸದಲ್ಲೇ ಇದ್ದು ಓದುವುದು

ಕೆಲಸದ ವೇಳೆ ಗೊತ್ತುಪಡಿಸಿದ್ದಾಗಿದ್ದರೆ ಇದಕ್ಕಿಂತ ಒಳ್ಳೆಯದಿಲ್ಲ. ನಿಮ್ಮ ವ್ಯಥೆ ಒತ್ತಡ ಅಲ್ಲ, ಬರೀ ಅಭದ್ರತೆ ಆಗಿದ್ದರೆ ಇದೇ ಸರಿ. ಆದರೆ ಕೆಲಸವೇ ನಿದ್ದೆ ಕೆಡಿಸುತ್ತಿದ್ದರೆ ಆಗುವುದಿಲ್ಲ. ನಾನು ಸಾಲದ ಕಂಪನಿಯಲ್ಲಿದ್ದಾಗ ಮೂರು ವರ್ಷ "ಓದ್ತೀನಿ ಓದ್ತೀನಿ" ಅಂದುಕೊಂಡೇ ಕಳೆದೆ. ತಂದ ಪುಸ್ತಕದ ಕವರ್ ಕೂಡ ಬಿಚ್ಚಿರಲಿಲ್ಲ.

ಹೀಗಾಗಿ ನನ್ನ ಮಾತು ಇಷ್ಟು. ಕೈಯಲ್ಲಿ ಒಂದೂವರೆ ವರ್ಷದ ಖರ್ಚಿಗೆ ದುಡ್ಡಿದ್ದು, ಮನೆ ನಿಮ್ಮ ಪಗಾರದ ಮೇಲೆ ನಿಂತಿಲ್ಲದಿದ್ದರೆ, ಅಧಿಸೂಚನೆಯೂ ಹೊರಬಿದ್ದಿದ್ದರೆ ಬಿಟ್ಟು ಓದಿ. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಬಿಟ್ಟು ಕೂರಬೇಡಿ; ಈಗಿನ ಕೆಲಸದಲ್ಲಿದ್ದು ಓದಲು ಆಗದಿದ್ದರೆ ಹಗುರ ಕೆಲಸ ಹುಡುಕಿಕೊಳ್ಳಿ. ವಯಸ್ಸಿನ ಲೆಕ್ಕವನ್ನೂ ಹಾಕಿ. ರಾಜ್ಯದ ಬಹುಪಾಲು ಹುದ್ದೆಗಳಿಗೆ ಸಾಮಾನ್ಯ ವರ್ಗಕ್ಕೆ 35, ಹಿಂದುಳಿದ ವರ್ಗಗಳ 2ಎ, 2ಬಿ, 3ಎ, 3ಬಿ ಯವರಿಗೆ 38, ಪರಿಶಿಷ್ಟರಿಗೆ ಮತ್ತು ಪ್ರವರ್ಗ-1ಕ್ಕೆ 40 ಅನ್ನುವುದು ಮೂಲ ನಿಯಮ. ನೇಮಕಾತಿ ತಡವಾದಾಗ ಒಂದೊಂದು ಸಲ ಸಡಿಲಿಕೆ ಕೊಡುತ್ತಾರೆ. ಆ ಸಡಿಲಿಕೆ ನಂಬಿ ಯೋಜನೆ ಹಾಕಬೇಡಿ.

ಯಾವ ಸರ್ಕಾರಿ ಕೆಲಸ?

"ಗವರ್ನಮೆಂಟ್ ಜಾಬ್" ಅಂತ ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಒಳಗೆ ಬಂದ ಮೇಲೆ ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇ ಇಲ್ಲ ಅನಿಸುತ್ತದೆ. ನೀವು ಒತ್ತಡದಿಂದ ದೂರ ಬರಬೇಕು ಅಂತ ಹೊರಟವರಾದರೆ ಇದನ್ನು ಗಮನ ಇಟ್ಟು ಓದಿ.

ನನ್ನ ಹುದ್ದೆಯಿಂದಲೇ ಶುರು ಮಾಡುತ್ತೇನೆ. ಗ್ರಾಮ ಆಡಳಿತ ಅಧಿಕಾರಿಗೆ ಪಿಯುಸಿ ಸಾಕು. ಮೊದಲು ಪಿಯುಸಿ ಅಂಕಗಳ ಮೇಲೆ ತೆಗೆದುಕೊಳ್ಳುತ್ತಿದ್ದರು, 2024ರಲ್ಲಿ 1,000 ಹುದ್ದೆಗಳಿಗೆ ಪರೀಕ್ಷೆ ಮಾಡಿದರು. ದೊಡ್ಡ ಅನುಕೂಲ ಅಂದರೆ ಇದು ಜಿಲ್ಲಾ ಮಟ್ಟದ ಹುದ್ದೆ. ಆಯ್ಕೆಯಾದ ಜಿಲ್ಲೆಯ ಒಳಗೇ ಇರುತ್ತೀರಿ. ವಯಸ್ಸಾದ ಅಪ್ಪ-ಅವ್ವ ಇರುವವರಿಗೆ ಇದು ಬಹಳ ದೊಡ್ಡ ಮಾತು. ಆದರೆ ಕೆಲಸ ಕಚೇರಿಯಲ್ಲಿ ಕೂರುವಂಥದ್ದಲ್ಲ. ಬೆಳೆ ಸಮೀಕ್ಷೆ, ಪಹಣಿಗೆ ಆಧಾರ್ ಜೋಡಣೆ, ಮಳೆಗೆ ಬಿದ್ದ ಮನೆಗಳ ವರದಿ, ಪಿಂಚಣಿ ಪರಿಶೀಲನೆ, ಚುನಾವಣೆ. ಒಂದೊಂದಕ್ಕೂ ಒಂದೊಂದು ಆ್ಯಪ್. ಈ ಆ್ಯಪ್‌ಗಳ ಹೊರೆ ತಾಳಲಾರದೆ 2024ರ ಸೆಪ್ಟೆಂಬರ್‌ನಲ್ಲಿ ಒಮ್ಮೆ, 2025ರ ಫೆಬ್ರುವರಿಯಲ್ಲಿ ಮತ್ತೊಮ್ಮೆ ರಾಜ್ಯದ ಗ್ರಾಮ ಆಡಳಿತ ಅಧಿಕಾರಿಗಳು ಮುಷ್ಕರಕ್ಕೆ ಕೂತಿದ್ದರು. ರಾತ್ರಿ ಎಂಟೂವರೆಗೆ ನನ್ನ ಫೋನ್ ಈಗಲೂ ಸದ್ದು ಮಾಡುತ್ತದೆ. "ಇವತ್ತಿನ ಪ್ರಗತಿ ಎಷ್ಟು?" ಅಂತ ಗ್ರೂಪಿನಲ್ಲಿ ಮೆಸೇಜ್.

ಹಾಗಾದರೆ ಬದಲಾದದ್ದೇನು? ಹೋದ ತಿಂಗಳು ಒಬ್ಬ ಅಜ್ಜಿ ಸಂಧ್ಯಾ ಸುರಕ್ಷಾ ಪಿಂಚಣಿ ನಿಂತಿದೆ ಅಂತ ಬಂದಿದ್ದರು. ಆಧಾರ್‌ನಲ್ಲಿ ಹೆಸರು ಒಂದು ತರ, ಬ್ಯಾಂಕಿನಲ್ಲಿ ಇನ್ನೊಂದು ತರ. ಎರಡು ವಾರ ಓಡಾಡಿ ಸರಿ ಮಾಡಿಸಿದೆ. 1,200 ರೂಪಾಯಿ ಮತ್ತೆ ಬರಲು ಶುರುವಾಯಿತು. ಅವರೂ ಸೆರಗಿನ ಗಂಟಿಗೆ ಕೈ ಹಾಕಿದರು, ನನಗೇನೋ ಕೊಡಲು. ನಾನು ಅವರ ಕೈ ಹಿಡಿದು ಬೇಡ ಅಂದೆ. ಕೆಲಸ ಜಾಸ್ತಿ ಇದೆ ನಿಜ. ರಾತ್ರಿ ಊಟ ಮಾತ್ರ ಸರಿಯಾಗಿ ಇಳಿಯುತ್ತಿದೆ.

ಎಸ್‌ಡಿಎ, ಎಫ್‌ಡಿಎ ಕಚೇರಿ ಕೆಲಸ. ಟಪಾಲು, ಫೈಲು, ಬಿಲ್ಲು. ಒತ್ತಡ ಇಲಾಖೆ ಮೇಲೆ ನಿಂತಿದೆ. ಕಂದಾಯ, ಖಜಾನೆ, ಪೊಲೀಸ್ ಕಚೇರಿಗಳಲ್ಲಿ ಉಸಿರಾಡಲು ಬಿಡುವಿರುವುದಿಲ್ಲ. ಹಾಸ್ಟೆಲ್, ಗ್ರಂಥಾಲಯ, ಅಂಕಿಸಂಖ್ಯೆಯಂಥ ಕಡೆ ಸಮಾಧಾನ ಇದೆ. ಮನೆ ನೋಡಿಕೊಳ್ಳಬೇಕಾದವರಿಗೆ, ಆರೋಗ್ಯ ಕೆಟ್ಟವರಿಗೆ ನಾನು ಮೊದಲು ಹೇಳುವುದು ಇದನ್ನೇ. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಪಗಾರ ಒಳ್ಳೆಯದು, ಆದರೆ ಊರಿನ ರಾಜಕೀಯ ಪೂರ್ತಿ ನಿಮ್ಮ ಟೇಬಲ್ ಮೇಲೆ ಬಂದು ಕೂರುತ್ತದೆ. ಪೊಲೀಸ್ ಕೆಲಸಕ್ಕೆ ಒಲವಿದ್ದವರು ಹೋಗಲಿ. ನೆಮ್ಮದಿ ಹುಡುಕುವವರಿಗೆ ಅದು ತಕ್ಕದ್ದಲ್ಲ.

ಬ್ಯಾಂಕಿನ ಬಗ್ಗೆ ಎರಡು ಮಾತು ಜಾಸ್ತಿ ಹೇಳಬೇಕು. ನನ್ನ ಹಾಗೆ ಸಾಲ, ವಸೂಲಿ ಅಂತ ಬೇಸತ್ತವರು "ಬ್ಯಾಂಕ್ ಪರೀಕ್ಷೆ ಬೇಗ ಬೇಗ ಆಗುತ್ತೆ" ಅಂತ ಅತ್ತ ಹೋಗುತ್ತಾರೆ. ಪರೀಕ್ಷೆ ವೇಳೆಗೆ ಸರಿಯಾಗಿ ಆಗುವುದು ನಿಜ, ಅದು ಸಣ್ಣ ಅನುಕೂಲ ಅಲ್ಲ. ಆದರೆ ಅಲ್ಲೂ ಠೇವಣಿ, ವಿಮೆ, ಸಾಲ ವಸೂಲಿಯ ಟಾರ್ಗೆಟ್ ಇದೆ. ನೀವು ಬಿಟ್ಟು ಬಂದದ್ದೇ ಬೇರೆ ಅಂಗಿ ತೊಟ್ಟು ಎದುರಿಗೆ ನಿಲ್ಲುತ್ತದೆ. ಕೆಲಸ ಹೋಗುವ ಭಯ ಇರುವುದಿಲ್ಲ, ಅಷ್ಟೇ. ಧಾರವಾಡದಲ್ಲಿ ಕೇಂದ್ರ ಕಚೇರಿ ಇದ್ದ ವಿಕಾಸ ಗ್ರಾಮೀಣ ಬ್ಯಾಂಕ್ 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿಹೋಯಿತು. ಕೇಂದ್ರ ಕಚೇರಿ ಈಗ ಬಳ್ಳಾರಿ. ಮೊದಲು ಒಂಬತ್ತು ಜಿಲ್ಲೆಗಳ ಬ್ಯಾಂಕು, ಈಗ ಇಡೀ ರಾಜ್ಯದ್ದು. "ಊರ ಹತ್ತಿರದ ಬ್ಯಾಂಕು" ಅಂತ ಅರ್ಜಿ ಹಾಕುವವರು ಇದನ್ನು ನೆನಪಿಡಬೇಕು.

ರೈಲ್ವೆ ನಮ್ಮ ಮನೆ ಬಾಗಿಲಲ್ಲೇ ಇದೆ. ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಹುಬ್ಬಳ್ಳಿ. ಪರೀಕ್ಷೆ ಕನ್ನಡದಲ್ಲೂ ಬರೆಯಬಹುದು. ಆದರೂ ನಮ್ಮ ಕಡೆಯ ಹುಡುಗರು ಯಾಕೋ ಇದನ್ನು ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಪಾಳಿ ಕೆಲಸ, ರಾತ್ರಿ ಡ್ಯೂಟಿ ಇರುತ್ತದೆ. ನಿದ್ದೆಯ ತೊಂದರೆ ಇರುವವರು ಯೋಚಿಸಬೇಕು. ಉಳಿದವರು ದಯವಿಟ್ಟು ಅರ್ಜಿ ಹಾಕಿ.

ಒಂದು ಎಚ್ಚರಿಕೆ. ಸರ್ಕಾರಿ ಕಚೇರಿಯಲ್ಲಿ ಕೂರುವವರೆಲ್ಲ ಸರ್ಕಾರಿ ನೌಕರರಲ್ಲ. ಹೊರಗುತ್ತಿಗೆಯ ಡಾಟಾ ಎಂಟ್ರಿ, ಡ್ರೈವರ್, ಡಿ ಗ್ರೂಪ್ ಕೆಲಸಗಳಿಗೆ ಪಗಾರ ಕೊಡುವುದು ಏಜೆನ್ಸಿ. ಏಜೆನ್ಸಿ ಬದಲಾದರೆ ನೀವು ಮತ್ತೆ ಬೀದಿಗೆ. "ಮುಂದೆ ಪರ್ಮನೆಂಟ್ ಮಾಡಿಸ್ತೀವಿ" ಅಂತ ಯಾರಾದರೂ ದುಡ್ಡು ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ಭದ್ರತೆಗಾಗಿ ಇದ್ದ ಕೆಲಸ ಬಿಟ್ಟು ಹೊರಗುತ್ತಿಗೆ ಸೇರಿದವರನ್ನು ನೋಡಿದ್ದೇನೆ, ಹೊಟ್ಟೆ ಚುರ್ ಅನ್ನುತ್ತದೆ.

ದುಡ್ಡಿನ ಲೆಕ್ಕ

ಏಳನೇ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಯಾಗಿದೆ. ರಾಜ್ಯ ನೌಕರರ ಕನಿಷ್ಠ ಮೂಲ ವೇತನ 17,000ದಿಂದ 27,000ಕ್ಕೆ ಏರಿತು. ಎಸ್‌ಡಿಎ ವೇತನ ಶ್ರೇಣಿ 34,100ದಿಂದ 67,600, ಎಫ್‌ಡಿಎ 44,425ರಿಂದ 83,700. ಇದಕ್ಕೆ ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ ಸೇರುತ್ತವೆ. ಎನ್‌ಪಿಎಸ್ (ಹೊಸ ಪಿಂಚಣಿಯ ವಂತಿಗೆ), ಕೆಜಿಐಡಿ (ಸರ್ಕಾರಿ ನೌಕರರ ವಿಮೆ), ವೃತ್ತಿ ತೆರಿಗೆ ಕಳೆಯುತ್ತವೆ. ಹೊಸಬರ ಕೈಗೆ ಬರುವುದು ಮೂಲ ವೇತನಕ್ಕಿಂತ ಸ್ವಲ್ಪ ಜಾಸ್ತಿ ಅಂದುಕೊಳ್ಳಿ. ಖಾಸಗಿಯಲ್ಲಿ ಮ್ಯಾನೇಜರ್ ಮಟ್ಟದಲ್ಲಿದ್ದವರಿಗೆ ಮೊದಲ ನಾಲ್ಕೈದು ವರ್ಷ ಕಡಿಮೆಯೇ ಆಗುತ್ತದೆ. ಮನೆ ಕಂತು ಕಟ್ಟುತ್ತಿರುವವರು ಇದನ್ನು ಹೆಂಡತಿ ಅಥವಾ ಗಂಡನ ಜೊತೆ ಕೂತು ಲೆಕ್ಕ ಹಾಕಬೇಕು.

ಪಿಂಚಣಿ ವಿಷಯದಲ್ಲಿ ಬಹಳ ಜನಕ್ಕೆ ತಪ್ಪು ಕಲ್ಪನೆ ಇದೆ. 2006ರ ಏಪ್ರಿಲ್ 1ರಿಂದ ಈಚೆ ಸೇರಿದ ರಾಜ್ಯ ನೌಕರರು ಎನ್‌ಪಿಎಸ್‌ನಲ್ಲಿದ್ದಾರೆ. ನಮ್ಮ ಪಗಾರದಿಂದ ಶೇಕಡಾ 10, ಸರ್ಕಾರದಿಂದ ಶೇಕಡಾ 14. ಕೊನೆಗೆ ಎಷ್ಟು ಬರುತ್ತದೆ ಅನ್ನುವುದು ಮಾರುಕಟ್ಟೆ ಮೇಲೆ ನಿಂತಿದೆ. ಅಪ್ಪನ ಕಾಲದ ಪಿಂಚಣಿ ಅಂದುಕೊಂಡು ಬರಬೇಡಿ. ರೈಲ್ವೆಯಂಥ ಕೇಂದ್ರದ ಕೆಲಸಗಳಲ್ಲಿ 2025ರ ಏಪ್ರಿಲ್‌ನಿಂದ ಏಕೀಕೃತ ಪಿಂಚಣಿಯ ಆಯ್ಕೆ ಇದೆ. ಅಲ್ಲಿ 25 ವರ್ಷ ಸೇವೆ ಮುಗಿಸಿದರೆ ಕೊನೆಯ 12 ತಿಂಗಳ ಮೂಲ ವೇತನದ ಸರಾಸರಿಯಲ್ಲಿ ಅರ್ಧ ಸಿಗುತ್ತದೆ. ಅರವತ್ತಕ್ಕೆ ನಿವೃತ್ತಿ. ಹಾಗಾಗಿ ಮೂವತ್ತೈದು ದಾಟಿ ಸೇರುವವರಿಗೆ 25 ವರ್ಷ ತುಂಬುವುದಿಲ್ಲ.

ರಜೆಯಲ್ಲಿ ಮಾತ್ರ ಖಾಸಗಿಯವರು ಹತ್ತಿರವೂ ಬರಲಾರರು. ಎರಡನೇ, ನಾಲ್ಕನೇ ಶನಿವಾರ, ವರ್ಷಕ್ಕೆ 10 ಸಾಂದರ್ಭಿಕ ರಜೆ, 30 ಗಳಿಕೆ ರಜೆ. ಗಳಿಕೆ ರಜೆ ಇದೆ ಅಂದ ಮಾತ್ರಕ್ಕೆ ಕೇಳಿದಾಗ ಸಿಗುತ್ತದೆ ಅಂತಲ್ಲ.

ಅರ್ಜಿ ಹಾಕುವ ಮೊದಲು

ಧಾರವಾಡ, ಗದಗ, ಹಾವೇರಿಯವರಿಗೆ ಸಂವಿಧಾನದ 371(ಜೆ) ವಿಧಿಯಡಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗಿರುವ ಮೀಸಲಾತಿ ಇಲ್ಲ. ಪಕ್ಕದ ಕೊಪ್ಪಳಕ್ಕೆ ಇದೆ. ಅಧಿಸೂಚನೆಯಲ್ಲಿ ಒಟ್ಟು ಹುದ್ದೆ ನೋಡಿ ಖುಷಿಪಡುವ ಮೊದಲು ಕಲ್ಯಾಣ ಕರ್ನಾಟಕದ್ದು ಎಷ್ಟು, ಉಳಿದದ್ದು ಎಷ್ಟು ನೋಡಿ. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದ್ದರೆ ಗ್ರಾಮೀಣ, ಕನ್ನಡದಲ್ಲಿ ಓದಿದ್ದರೆ ಕನ್ನಡ ಮಾಧ್ಯಮ ಮೀಸಲಾತಿ ಇದೆ. ಅದರ ಪ್ರಮಾಣಪತ್ರಗಳನ್ನು ಈಗಲೇ ಮಾಡಿಸಿ. ಕೊನೆ ದಿನ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ ಮುಂದೆ ಸಾಲಿನಲ್ಲಿ ನಿಂತು ಅತ್ತವರನ್ನು ಕಂಡಿದ್ದೇನೆ.

ರಾಜೀನಾಮೆ ಯಾವತ್ತು ಕೊಡಬೇಕು

ಆಯ್ಕೆ ಪಟ್ಟಿಯಲ್ಲಿ ಹೆಸರು ಬಂದ ದಿನ ಅಲ್ಲ. ತಾತ್ಕಾಲಿಕ ಪಟ್ಟಿ, ಆಕ್ಷೇಪಣೆ, ಅಂತಿಮ ಪಟ್ಟಿ, ದಾಖಲೆ ಪರಿಶೀಲನೆ, ಜಾತಿಯ ಸಿಂಧುತ್ವ ಪ್ರಮಾಣಪತ್ರ, ಪೊಲೀಸ್ ವರದಿ, ವೈದ್ಯಕೀಯ ಪರೀಕ್ಷೆ. ಇಷ್ಟಾದ ಮೇಲೆ ಆದೇಶ. ನನಗೆ ಅರ್ಜಿ ಹಾಕಿದ ದಿನದಿಂದ ಆದೇಶ ಕೈಗೆ ಬರುವಷ್ಟರಲ್ಲಿ ಒಂದು ವರ್ಷದ ಮೇಲಾಯಿತು. ನಡುವೆ ಯಾರಾದರೂ ಕೋರ್ಟಿಗೆ ಹೋದರೆ ಎಲ್ಲ ನಿಂತುಹೋಗುತ್ತದೆ. ಅಲ್ಲಿವರೆಗೆ ಪಗಾರ ಬರುತ್ತಿರಲಿ. ಆದೇಶ ಬಂದ ಮೇಲೆ ಹಾಜರಾಗಲು ಕೊಡುವ ದಿನಗಳು ಕಡಿಮೆ, ಖಾಸಗಿಯ ನೋಟಿಸ್ ಅವಧಿ ಒಂದರಿಂದ ಮೂರು ತಿಂಗಳು. ಹಾಗಾಗಿ ಅಂತಿಮ ಪಟ್ಟಿ ಬಂದ ಕೂಡಲೇ ನಿಮ್ಮ ನೇಮಕಾತಿ ಪತ್ರ ತೆಗೆದು ನೋಟಿಸ್ ಷರತ್ತು ಓದಿ, ಎಷ್ಟು ದಿನದ ಪಗಾರ ಕಟ್ಟಿ ಹೊರಬರಬಹುದು ಅಂತ ಕೇಳಿ ಇಟ್ಟುಕೊಳ್ಳಿ.

ಕಾಯಂ ನೌಕರರಿಗೆ ಗ್ರಾಚ್ಯುಟಿ (ಕೆಲಸ ಬಿಡುವಾಗ ಕಂಪನಿ ಕೊಡುವ ಇಡಿಗಂಟು) ಸಿಗಲು ಐದು ವರ್ಷ ತುಂಬಬೇಕು. ನಾಲ್ಕೂವರೆ ಆಗಿದ್ದರೆ, ತಡೆದುಕೊಳ್ಳಲು ಆಗುವಂತಿದ್ದರೆ, ಇನ್ನು ಆರು ತಿಂಗಳು ತಡೆಯಿರಿ. ಪಿಎಫ್‌ನ ಪಿಂಚಣಿ ಭಾಗಕ್ಕೆ ಹತ್ತು ವರ್ಷ ಬೇಕು. ಒಂಬತ್ತು ವರ್ಷ ದಾಟಿದವರು ಅವಸರದಲ್ಲಿ ಹಣ ತೆಗೆಯುವ ಮೊದಲು ಒಮ್ಮೆ ಲೆಕ್ಕ ಹಾಕಿ.

ಪಿಎಫ್ ಖಾತೆಯಲ್ಲಿ ನಿಮ್ಮ ಹೆಸರು, ಹುಟ್ಟಿದ ದಿನಾಂಕ ಆಧಾರ್‌ನಲ್ಲಿರುವ ಹಾಗೇ ಇದೆಯಾ ಅಂತ ಕೆಲಸದಲ್ಲಿರುವಾಗಲೇ ನೋಡಿ. ನನ್ನದರಲ್ಲಿ ಅಪ್ಪನ ಹೆಸರಿನ ಒಂದು ಅಕ್ಷರ ತಪ್ಪಿತ್ತು. ಬಿಟ್ಟು ಬಂದ ಮೇಲೆ ಹಳೆಯ ಕಂಪನಿಯವರು ಫೋನ್ ಎತ್ತಲಿಲ್ಲ. ಸಪ್ತಾಪುರದಲ್ಲಿ ಬಾಡಿಗೆಗೆ ಪರದಾಡುತ್ತಿದ್ದ ಆ ಎಂಟು ತಿಂಗಳೂ ನನ್ನದೇ ದುಡ್ಡು ಅಲ್ಲೇ ಸಿಕ್ಕಿಕೊಂಡಿತ್ತು. ರಿಲೀವಿಂಗ್ ಲೆಟರ್, ಕೊನೆಯ ಪಗಾರದ ಚೀಟಿ, ತಿದ್ದಿದ ಪಿಎಫ್ ವಿವರ, ಈ ಮೂರೂ ಕೈಗೆ ಬಂದ ಮೇಲೆಯೇ ಕಂಪನಿ ಬೈಕಿನ ಕೀಲಿ ವಾಪಸ್ ಕೊಟ್ಟು ಹೊರಗೆ ಬನ್ನಿ.